ಡಿಸ್ಕಿನ ಮೇಲೆ ಎಣ್ಣೆಯ ಕೈಗುರುತು

ಪೆಟ್ರೋಲಿನ ವಾಸನೆ ಬಂದಾಗಲೆಲ್ಲ ನನಗೆ ಇಂದಿಗೂ ಅಕ್ಕನ ಮೇಲೆ ಹೊಟ್ಟೆ ಉರಿಯುತ್ತದೆ.

ಜೇವರ್ಗಿಯ ನಮ್ಮ ಮನೆಯಂಗಳದಲ್ಲಿ ಅಪ್ಪ ಕಾರಿನ ಹಿಂದಿನ ಗಾಲಿ ಬಿಚ್ಚಿ, ಬ್ರೇಕಿಗೆ ಹೊಸ ಡಿಸ್ಕು, ಹೊಸ ಪ್ಯಾಡು ಹಾಕಿದ್ದರು. ಮರುದಿನ ಎಲ್ಲರೂ ಮಣ್ಣೂರಿಗೆ ಹೋಗುವುದಿತ್ತು. ಪೆಟ್ರೋಲು ಹಚ್ಚಿ ಒರೆಸಿದ ಡಿಸ್ಕು ಊಟದ ತಾಟಿನಂತೆ ಹೊಳೆಯುತ್ತಿತ್ತು. "ಎಣ್ಣಿ ಕೈಲೆ ಯಾರೂ ಮುಟ್ಟಬ್ಯಾಡ್ರಿ, ಬ್ರೇಕ್ ಹಿಡಿಯಂಗಿಲ್ಲ" ಎಂದರು. ಆಮೇಲೆ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಒತ್ತಲು ಅಕ್ಕನನ್ನು ಡ್ರೈವರ್ ಸೀಟಿಗೆ ಕರೆದರು. ನಾನೂ ಒತ್ತುತ್ತೇನೆ ಎಂದೆ.

"ನಿನ್ನ ಕಾಲು ನಿಲುಕಂಗಿಲ್ಲ ಬೇ. ನೀ ರೊಟ್ಟಿ ತಿನ್ನು" ಎಂದರು ಅಪ್ಪ.

ಅಕ್ಕ ಸ್ಟೇರಿಂಗ್ ಹಿಡಿದು, ಕಾರು ತನ್ನದೇ ಎನ್ನುವ ಹಾಗೆ ಕೂತಳು. ನನ್ನ ಕೈಯಲ್ಲಿ ಎಣ್ಣೆ, ಶೇಂಗಾ ಹಿಂಡಿ ಹಚ್ಚಿದ ರೊಟ್ಟಿಯಿತ್ತು. ಅಪ್ಪ ಗಾಲಿ ತರಲು ಆ ಕಡೆ ಹೋದಾಗ ಅಂಗೈಯನ್ನು ಡಿಸ್ಕಿಗೆ ಒತ್ತಿಬಿಟ್ಟೆ.

"ಯಾರ ಕೈ ಇದು?" ಅಪ್ಪ ಬಂದವರೇ ಕೇಳಿದರು.

ಕಾರಿನ ಕನ್ನಡಿಯಲ್ಲಿ ನನ್ನನ್ನು ನೋಡಿದ್ದ ಅಕ್ಕ, "ನಂದು, ಅಪ್ಪಾ" ಎಂದಳು.

ಅಪ್ಪ ಆ ಸಣ್ಣ ಗುರುತನ್ನು ನೋಡಿದರು, ನನ್ನ ಕೈ ನೋಡಿದರು. ಪೆಟ್ರೋಲಿನ ಬಟ್ಟೆಯಲ್ಲಿ ಮತ್ತೆ ಒರೆಸಿದರು. ಅಕ್ಕನನ್ನು ಇಳಿಸಿ, ನನ್ನನ್ನು ಎತ್ತಿ ಸೀಟಿನಲ್ಲಿ ಕೂರಿಸಿದರು.

"ಒತ್ತು ಈಗ."

ನನ್ನ ಕಾಲು ಪೆಡಲಿನ ಮೇಲೆ, ಗಾಳಿಯಲ್ಲಿ ತೂಗಾಡಿತು. ಅಕ್ಕ ಬಾಗಿಲ ಬಳಿ ಮಂಡಿಯೂರಿ, ಒಳಗೆ ಕೈ ಹಾಕಿ ತಾನೇ ಪೆಡಲ್ ಒತ್ತತೊಡಗಿದಳು.

"ಗಟ್ಟಿ ಆಗ್ಯಾದೇನು?" ಹಿಂದಿನಿಂದ ಅಪ್ಪ ಕೇಳಿದರು.

ಅಕ್ಕ ಬಾಯಿ ತೆರೆಯುವ ಮೊದಲೇ "ಆಗ್ಯಾದಪ್ಪಾ" ಎಂದು ನಾನು ಕೂಗಿದೆ.