ಉಳಿದ ಒತ್ತಕ್ಷರ

ನಿದ್ದೆ ಮಾಡಿದರೆ ಹಿಂದಿನ ದಿನವೆಲ್ಲ ಮರೆತುಹೋಗುವ ಕಾಲವದು. ಒಮ್ಮೆ ಮಕ್ಕಳ ಆಟಿಕೆಯಾಗಿದ್ದ, ಪಟ್ಟಿ ಎಳೆದರೆ ಬರೆದದ್ದು ಅಳಿಯುವ ಅಯಸ್ಕಾಂತದ ಸ್ಲೇಟೇ ಈಗ ಎಲ್ಲರ ನೆನಪು. ಬೆಳಿಗ್ಗೆ ವಾರಿಜ ಎದ್ದು ನೋಡಿದರೆ ಅವಳ ಸ್ಲೇಟು ಬೋಳು.

“ನೀನೇ ಒರೆಸ್ಕೊಂಡಿರ್ತೀಯ ಅಕ್ಕಾ. ನಾನಂತೂ ನಿನ್ನೆ ಊರಲ್ಲೇ ಇರ್ಲಿಲ್ಲ,” ಎಂದಳು ತಂಗಿ, ತನ್ನ ಸ್ಲೇಟನ್ನು ಎದೆಗವಚಿಕೊಂಡು.

ವಾರಿಜ ಸ್ಲೇಟನ್ನು ಬೆಳಕಿಗೆ ಹಿಡಿದಳು. ಒರೆಸುವ ಪಟ್ಟಿ ತಲುಪದ ಕೆಳಗಿನ ಅಂಚಿನಲ್ಲಿ ಕೊನೆಯ ಸಾಲಿನ ಒತ್ತಕ್ಷರಗಳು ಉಳಿದಿದ್ದವು: ಒಂದು ಯ, ಆಚೆಗೆ ಸ, ಅದಕ್ಕಂಟಿಕೊಂಡ ನ. ಅಷ್ಟು ಒತ್ತು ಹೊರುವ ಹೆಸರು ಆ ಮನೆಯಲ್ಲಿ ಒಂದೇ. ಏನು ನಡೆದಿತ್ತೆಂಬುದು ಮಾತ್ರ ಇನ್ನೆಂದೂ ತಿಳಿಯುವಂತಿರಲಿಲ್ಲ.

ಅವಳು ಪೆನ್ನೆತ್ತಿ ಒತ್ತುಗಳ ಮೇಲೆ ಅಕ್ಷರ ಕೂರಿಸತೊಡಗಿದಳು.

“ಏನ್ ಬರೀತಿದ್ದೀಯಕ್ಕಾ?”

“ನಿನ್ನ ಹೆಸರು ಕಣೇ, ಜ್ಯೋತ್ಸ್ನಾ. ತಲೆ ಒರೆಸಿದ್ದೀಯ, ಕಾಲು ಬಿಟ್ಟಿದ್ದೀಯ.”