ಸೋಲಾಕ ನಿಂತಾಕಿ

ನಾಮಪತ್ರ ಕೊಡುವ ಮುನ್ನ ಭವಿಷ್ಯಯಂತ್ರದ ಎದುರು ನಿಲ್ಲಬೇಕೆಂಬ ನಿಯಮ ಬಂದ ಮೇಲೆ ನಮ್ಮ ಪುರಸಭೆಗೆ ಮತದಾನವೇ ನಡೆದಿರಲಿಲ್ಲ. ‘ಸೋಲು’ ಎಂದು ಬಂದವರೆಲ್ಲ ಮನೆಗೆ ಹೋಗುತ್ತಿದ್ದರು. ಉಳಿದವರು ಅವಿರೋಧವಾಗಿ ಗೆಲ್ಲುತ್ತಿದ್ದರು.

ಖಾನಾವಳಿ ನಡೆಸುವ ಶಾಂತವೀರವ್ವನಿಗೂ ‘ಸೋಲು’ ಎಂದೇ ಬಂತು. ಆಕೆ ಮನೆಗೆ ಹೋಗಲಿಲ್ಲ. ನೆಟ್ಟಗೆ ಬಂದು ಚುನಾವಣಾಧಿಕಾರಿಯ ಮೇಜಿನ ಮೇಲೆ ನಾಮಪತ್ರ ಇಟ್ಟಳು.

“ಯಂತ್ರ ಎಂದೂ ತಪ್ಪಿಲ್ರೀ, ಅವ್ವಾರ,” ಎಂದರು ಅವರು.

“ಹೌದ್ರೀ. ನನ್ನ ಖಾನಾವಳಿ ಮುಚ್ಚತೈತಿ ಅಂದಿತ್ತು, ಮುಚ್ಚಿತು. ಮರುವಾರನ ಎದುರಿನ ಓಣ್ಯಾಗ ಮತ್ತ ಒಲಿ ಹಚ್ಚಿದ್ನಿ.”

“ಆದ್ರೂ, ಸೋಲಾಕ ಯಾಕ ನಿಂದ್ರತೀರಿ?”

“ನಾ ನಿಂತ್ರ ನೀವು ಓಟು ಹಾಕಸ್ಬೇಕಲ್ರೀ? ನನ್ನ ಸೊಸಿ ಬೆರಳಿಗೆ ಇನ್ನೂ ಒಮ್ಮೆನೂ ಶಾಯಿ ಹತ್ತಿಲ್ಲ. ನಿಮ್ಮ ಬಾಟ್ಲ್ಯಾಗ ಇದ್ದದ್ದು ಒಣಗಿದ್ರ ಹೊಸಾದು ತರಸ್ರಿ.”