ಒಗ್ಗರಣೆಯ ಅಂಕ

ಕೆನಡಾಕ್ಕೆ ಹೋಗಿ ನೆಲೆಸಬೇಕೆಂದು ಗಂಡ ಹೆಂಡತಿ ಇಬ್ಬರೂ ಫ್ರೆಂಚ್ ಪರೀಕ್ಷೆಗೆ ಓದುತ್ತಿದ್ದರು. ಒಲೆಯ ಮುಂದೆ ನಿಂತಾಗಲೂ ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡು, ಕೇಳಿದ ಪಾಠವನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು.

"ಅಷ್ಟೊಂದು ಒದ್ದಾಡಬೇಡ ಮಾರಾಯ್ತಿ. ಅರ್ಜಿ ನನ್ನದು. ಸಂಜೆ ಕಾಲೇಜಲ್ಲಿ ಓದಿದ ನಿನ್ನ ಅಂಕ ಅದಕ್ಕೆ ಬರೀ ಒಗ್ಗರಣೆ," ಎಂದು ಅವನು ನೆಂಟರೆದುರೇ ನಗುತ್ತಿದ್ದ.

ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ನಾಲ್ಕರಲ್ಲೂ ಅವಳು ಪಾಸಾದಳು. ಅವನು ಬರೆಯುವುದರಲ್ಲಿ ಡುಮ್ಕಿ ಹೊಡೆದ.

"ಚಿಂತೆ ಬೇಡ ಸಾರ್," ಎಂದ ವೀಸಾ ಏಜೆಂಟ್. "ಅರ್ಜಿ ಮೇಡಂ ಹೆಸರಲ್ಲಿ ಹಾಕೋಣ. ನೀವು ಅವರ ಗಂಡ ಅಂತ ಹೋಗಬಹುದು."

"ಯಾರ ಹೆಸರಾದ್ರೇನು, ಹಾಕಿ," ಎಂದ ಅವನು.

ಏಜೆಂಟ್ ಕಂಪ್ಯೂಟರಿನಲ್ಲಿ ಅರ್ಜಿ ತುಂಬತೊಡಗಿದ. "ಮೇಡಂ, ಜೊತೆಗೆ ಗಂಡ ಬರ್ತಾರೆ, ಅಲ್ವಾ?"

"ಇಲ್ಲ ಅಂತ ಹಾಕಿ," ಎಂದಳು ಅವಳು.